ಮೊದಲು ಹೀಗಿರಲಿಲ್ಲ

ಸಮುದ್ರಯಾನಕ್ಕೆ ಮೊದಲ ಬಾರಿ ಹೊರಟವನು ಸಮುದ್ರವನ್ನು ನೋಡುತ್ತಾನೆ. ಎರಡನೆಯ ಬಾರಿ ಹೊರಟವನು ಹಡಗನ್ನು ನೋಡುತ್ತಾನೆ. ಆದರೆ ವರ್ಷಕ್ಕೆ ಮೂರು ನಾಲ್ಕು ಸಲ ವಿಲಾಸನೌಕೆಗಳಲ್ಲಿ ವಿಹರಿಸುವುದನ್ನೇ ನಿವೃತ್ತಜೀವನದ ವ್ರತವಾಗಿ ಸ್ವೀಕರಿಸಿರುವ ಮಹನೀಯನು ಸಮುದ್ರವನ್ನೂ ನೋಡುವುದಿಲ್ಲ, ಹಡಗನ್ನೂ ನೋಡುವುದಿಲ್ಲ. ಊಟದ ಮೇಜಿನ ಮೇಲೆ ಮಡಿಸಿಟ್ಟ ಕರವಸ್ತ್ರವನ್ನು ಎರಡು ಬೆರಳುಗಳ ನಡುವೆ ಹಿಡಿದು, ಅದರ ದಪ್ಪವನ್ನು ಪರೀಕ್ಷಿಸಿ, ನಿಟ್ಟುಸಿರು ಬಿಟ್ಟು, “ಮೊದಲು ಹೀಗಿರಲಿಲ್ಲ” ಎನ್ನುತ್ತಾನೆ.

ಈ ಮಹನೀಯರ ಕುಲ ಒಂದು ದೇಶಕ್ಕೋ ಒಂದು ಭಾಷೆಗೋ ಸೇರಿದ್ದಲ್ಲ. ಸೌತ್‌ಹ್ಯಾಂಪ್ಟನ್ನಿನಿಂದ ಹೊರಡುವ ಹಡಗಿನಲ್ಲಿ ಅವರು ಇಂಗ್ಲಿಷರು, ಹ್ಯಾಂಬರ್ಗಿನಿಂದ ಹೊರಡುವುದರಲ್ಲಿ ಜರ್ಮನರು, ಮಯಾಮಿಯಿಂದ ಹೊರಡುವುದರಲ್ಲಿ ಅಮೆರಿಕನರು. ಉಡುಪು ಉಚ್ಚಾರಣೆಗಳು ಬೇರೆಯಾದರೂ ನಿಟ್ಟುಸಿರು ಮಾತ್ರ ಒಂದೇ. ನಮ್ಮಲ್ಲಿ ಮದುವೆಯ ಪಂಕ್ತಿಯಲ್ಲಿ ಕುಳಿತು, ಎಲೆಗೆ ಹೋಳಿಗೆ ಬೀಳುವ ಮೊದಲೇ ನಲವತ್ತು ವರ್ಷಗಳ ಹಿಂದಿನ ಇನ್ನಾವುದೋ ಮದುವೆಯ ಹೋಳಿಗೆಯನ್ನು ಸ್ಮರಿಸಿ, ಬಡಿಸುವವನ ಉತ್ಸಾಹವನ್ನು ಕುಗ್ಗಿಸುವ ಹಿರಿಯರನ್ನು ಕಂಡವರಿಗೆ ಈ ಜಾತಿಯ ಪರಿಚಯ ಅರ್ಧ ಆದಂತೆಯೇ ಸರಿ. ಉಳಿದ ಅರ್ಧವೆಂದರೆ, ಮದುವೆಯ ಹಿರಿಯರು ಉಂಡದ್ದು ಪುಕ್ಕಟೆ. ಇವರಾದರೋ ಸಾವಿರಾರು ಡಾಲರುಗಳನ್ನು ತಿಂಗಳುಗಟ್ಟಲೆ ಮುಂಚಿತವಾಗಿ ತೆತ್ತು, ತಮ್ಮ ನಿರಾಶೆಗೆ ಸ್ಥಳವನ್ನು ಕಾದಿರಿಸಿಕೊಳ್ಳುತ್ತಾರೆ.

ಕನ್ನಡಿಗರಲ್ಲಿ ಈ ಮಾದರಿ ಇನ್ನೂ ವಿರಳ. ವಿರಳವಾದದ್ದು ನನ್ನ ಪಾಲಿಗೇ ಬಂದದ್ದು ದೈವಕೃಪೆಯೆನ್ನಬೇಕು; ಅದೂ ಬಾಂಧವ್ಯದ ಮೂಲಕ ಬಂದದ್ದರಿಂದ ಹಿಂದಿರುಗಿಸುವ ಹಾಗೂ ಇಲ್ಲ. ಅವರು ನನ್ನ ಷಡ್ಡಕರು, ನನ್ನ ಹೆಂಡತಿಯ ಅಕ್ಕನ ಯಜಮಾನರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಗ್ಲೆಂಡಿನಲ್ಲಿ ಕೆಲವು ವರ್ಷ ದುಡಿದು, ತರುವಾಯ ಅಮೆರಿಕಕ್ಕೆ ಹೋಗಿ ಅಲ್ಲಿಯೇ ನೆಲೆನಿಂತವರು. ಈಗ ಎಂಬತ್ತು ದಾಟಿದೆ. ಬೆನ್ನು ಬಾಗಿಲ್ಲ, ಧ್ವನಿ ಕುಗ್ಗಿಲ್ಲ. ಉತ್ತರದ ಹಿಮವನ್ನು ತೊರೆದು ಫ್ಲಾರಿಡಾದಲ್ಲಿ ಮನೆ ಮಾಡಿದ್ದಕ್ಕೆ ಮಂಡಿನೋವೇ ಕಾರಣವೆಂದು ಅವರು ಹೇಳುತ್ತಾರಾದರೂ, ಆ ಮನೆಯಿಂದ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೆ ಕಾರಿನಲ್ಲಿ ಅರ್ಧ ಗಂಟೆಯ ಹಾದಿಯೆಂಬ ಸಂಗತಿಯನ್ನು ವೈದ್ಯರಿಗಿಂತ ಮೊದಲೇ ವಿಚಾರಿಸಿಕೊಂಡಿದ್ದರೆಂದು ಅತ್ತಿಗೆಯವರು ನನ್ನ ಹೆಂಡತಿಯ ಸಮಕ್ಷಮದಲ್ಲಿ ಸಾಕ್ಷ್ಯ ನುಡಿದಿದ್ದಾರೆ.

ಹಡಗಿನ ಕಂಪನಿಗಳು ಇಂಥ ಪುನರಾಗಮನಪ್ರಿಯರನ್ನು ರಾತ್ರಿಗಳ ಲೆಕ್ಕದಲ್ಲಿ ಅಳೆದು, ಚಿನ್ನ, ಪ್ಲಾಟಿನಮ್, ಪಚ್ಚೆ, ವಜ್ರ ಎಂಬಿತ್ಯಾದಿ ದರ್ಜೆಗಳನ್ನು ಕರುಣಿಸುತ್ತವೆ. ದರ್ಜೆ ಏರಿದಂತೆಲ್ಲ ಸರದಿಯಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಬಟ್ಟೆ ಒಗೆಸುವುದು ಸುಲಭವಾಗುತ್ತದೆ, ಕಪ್ತಾನನ ಕೈಕುಲುಕುವ ಕೂಟಕ್ಕೆ ಕರೆಯೋಲೆ ಬರುತ್ತದೆ; ಆ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು ರಾತ್ರಿಗಳನ್ನು ಕಡಲಿನಲ್ಲಿ ಕಳೆದವರನ್ನು ಮುಂದೆ ಕರೆದು ಚಪ್ಪಾಳೆ ತಟ್ಟಿಸುತ್ತಾರೆ. ಷಡ್ಡಕರು ವಜ್ರದ ದರ್ಜೆಯವರು. ನಾವು ಅವರ ಅತಿಥಿಗಳಾಗಿ ಹೋದ ಸಲ ಆ ಗೌರವ ಸಂದದ್ದು ಒಬ್ಬ ವೃದ್ಧ ಅಮೆರಿಕನ್ ಮಹಿಳೆಗೆ. ಷಡ್ಡಕರು ಚಪ್ಪಾಳೆಯನ್ನೇನೋ ತಟ್ಟಿದರು, ತಟ್ಟುತ್ತಲೇ ನನ್ನ ಕಿವಿಗೆ ಬಾಗಿ, “ಕ್ಯಾಬಿನ್ನಿನಲ್ಲಿ ಒಬ್ಬರೇ ಇದ್ದರೆ ಒಂದು ರಾತ್ರಿಗೆ ಎರಡು ಅಂಕ ಕೊಡುತ್ತಾರಯ್ಯಾ. ಅರ್ಧಕ್ಕರ್ಧ ಸುಳ್ಳು ಲೆಕ್ಕ” ಎಂದರು. ಪಕ್ಕದಲ್ಲಿದ್ದ ಅತ್ತಿಗೆಯವರು, ತಾವು ಜೊತೆಗೆ ಬಂದದ್ದರಿಂದಲೇ ಪತಿಗೆ ಈ ಅಂಕಗಳು ತಪ್ಪಿದುವೆಂಬ ಅರ್ಥವನ್ನು ಗ್ರಹಿಸಿದರೋ ಏನೋ, ಆ ಸಂಜೆಯೆಲ್ಲ ಮಾತು ಕಡಿಮೆ ಮಾಡಿದರು.

ಅವರೊಡನೆ ಹಡಗು ಹತ್ತುವುದೇ ಒಂದು ಶಿಕ್ಷಣ. ನಾನೂ ನನ್ನ ಹೆಂಡತಿಯೂ ಹತ್ತು ಅಂತಸ್ತುಗಳ ಎತ್ತರಕ್ಕೆ ನಿಂತ ಆ ಬಿಳಿಯ ಬೆಟ್ಟವನ್ನು ಕಂಡು ಬಾಯಿ ತೆರೆದು ನಿಂತಿರುವಾಗ, ಅವರು ಹಲಗೆ ದಾಟಿ ಒಳಗೆ ಕಾಲಿಟ್ಟ ಕ್ಷಣದಿಂದಲೇ ನ್ಯೂನತೆಗಳ ಪಟ್ಟಿಯನ್ನು ಒಪ್ಪಿಸತೊಡಗಿದರು. ಒಳಬರುವವರಿಗೆ ಮೊದಲು ಬಿಳಿಯ ಕೈಗವಸು ತೊಟ್ಟ ಪರಿಚಾರಕನೊಬ್ಬನು ಕ್ಯಾಬಿನ್ನಿನವರೆಗೂ ದಾರಿ ತೋರುತ್ತಿದ್ದನಂತೆ. ಈಗ ದಾರಿ ತೋರುವುದು ಫೋನಿನ ಆ್ಯಪ್. ಸ್ನಾನದ ಕೋಣೆಯಲ್ಲಿ ಕಾಗದ ಸುತ್ತಿದ ಸಾಬೂನಿರುತ್ತಿತ್ತು. ಈಗ ಗೋಡೆಗೆ ಬಿಗಿದ ಬಾಟಲಿ. ದಿನಕ್ಕೆ ಎರಡು ಸಲ ಬಂದು ಹಾಸಿಗೆ ಸರಿಪಡಿಸುತ್ತಿದ್ದವನು ಅನೇಕ ಹಡಗುಗಳಲ್ಲಿ ಈಗ ಒಂದೇ ಸಲ ಬರುತ್ತಾನೆ, ಬಂದರೂ ದಿಂಬಿನ ಮೇಲೆ ಚಾಕಲೇಟನ್ನು ಇಡುವುದಿಲ್ಲ. ನಡುರಾತ್ರಿಯ ಮಹಾಭೋಜನವೆಂಬುದಿತ್ತು, ಮಂಜುಗಡ್ಡೆಯಲ್ಲಿ ಹಂಸಗಳನ್ನೂ ಬೆಣ್ಣೆಯಲ್ಲಿ ಅಪ್ಸರೆಯರನ್ನೂ ಕೆತ್ತಿ ನಿಲ್ಲಿಸುತ್ತಿದ್ದರು, ಅದೂ ಹೋಯಿತು. ಕೊನೆಯ ರಾತ್ರಿಗಳಲ್ಲೊಂದು ದಿನ ದೀಪವಾರಿಸಿದ ಭೋಜನಶಾಲೆಯಲ್ಲಿ, ನೀಲಿಯ ಜ್ವಾಲೆಯುರಿಯುವ ಐಸ್‌ಕ್ರೀಮಿನ ಪಾತ್ರೆಗಳನ್ನು ತಲೆಯ ಮೇಲೆತ್ತಿ ವೇಟರುಗಳು ಮೆರವಣಿಗೆ ಬರುತ್ತಿದ್ದರು. ಬೆಂಕಿಯ ಭಯದಿಂದ ಈಗ ಅದಕ್ಕೆ ಬ್ಯಾಟರಿಯ ದೀಪವನ್ನು ಸಿಕ್ಕಿಸುತ್ತಾರೆ. ಪುಸ್ತಕಾಲಯವಿದ್ದ ಸ್ಥಳದಲ್ಲಿ ಕೈಗಡಿಯಾರಗಳ ಅಂಗಡಿ. ತಂತೀವಾದ್ಯದ ನಾಲ್ವರಿದ್ದ ಸ್ಥಳದಲ್ಲಿ ಧ್ವನಿವರ್ಧಕ.

ಪ್ರಾಣರಕ್ಷಣೆಯ ಕವಾಯತನ್ನು ಕೂಡ ಅವರು ಬಿಡಲಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಸಮುದ್ರಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾಯಿತೆಂದೂ, 2012ರಲ್ಲಿ ಇಟಲಿಯ ಗಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ ಹಡಗು ಹೊರಡುವ ಮುನ್ನವೇ ಈ ಕವಾಯತು ಮುಗಿಯಬೇಕೆಂಬ ನಿಯಮ ಬಿಗಿಯಾಯಿತೆಂದೂ ಅವರು ಬಲ್ಲರು. ಮೊದಲು ಪ್ರಯಾಣಿಕರೆಲ್ಲ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿಗಳನ್ನು ಧರಿಸಿ, ಬಿಸಿಲಿನಲ್ಲಿ ಸಾಲಾಗಿ ನಿಂತು, ಬೆವರುತ್ತ ಬಯ್ಯುತ್ತ ಸಿಳ್ಳಿನ ಸದ್ದಿಗೆ ಕಾಯುತ್ತಿದ್ದರು. ಈಗ ಫೋನಿನಲ್ಲಿಯೋ ಟಿವಿಯಲ್ಲಿಯೋ ಚಿತ್ರವೊಂದನ್ನು ನೋಡಿ, ಗೊತ್ತಾದ ಸ್ಥಳಕ್ಕೆ ಹೋಗಿ ಮುಖ ತೋರಿಸಿ ಬಂದರೆ ಮುಗಿಯಿತು. ಆಗ ಆ ಬಿಸಿಲಿನ ಬಗ್ಗೆ ದೂರು ಬರೆದವರು ಇವರೇ ಎಂದು ಅತ್ತಿಗೆಯವರು ನೆನಪಿಸಿದರು. “ದೂರುವುದಕ್ಕಾದರೂ ಒಂದು ಘನತೆ ಇತ್ತು. ಈಗ ಫೋನನ್ನು ದೂರುವುದೆ?” ಎಂದು ಷಡ್ಡಕರು ಉತ್ತರವಿತ್ತರು.

ಹಡಗು ಬಂದರಿಗೆ ತಾಗಿದಾಗ ಅವರು ಕೆಳಗಿಳಿಯುವುದಿಲ್ಲ. ಮೆಕ್ಸಿಕೋದ ಕೊಸುಮೆಲ್ ದ್ವೀಪಕ್ಕೆ ಅವರು ಎಷ್ಟು ಸಲ ಹೋಗಿರುವರೋ ಅವರಿಗೇ ಲೆಕ್ಕವಿಲ್ಲ; ಆ ದ್ವೀಪದ ಮಣ್ಣು ಮಾತ್ರ ಅವರ ಪಾದರಕ್ಷೆಗೆ ಒಂದೇ ಸಲ ತಾಗಿದೆ. ಪ್ರಯಾಣಿಕರೆಲ್ಲ ಇಳಿದುಹೋದ ಮೇಲೆ ಹಡಗು ಖಾಲಿಯಾಗುತ್ತದೆ, ಕುರ್ಚಿ ಸಿಕ್ಕುತ್ತದೆ, ಲಿಫ್ಟು ಕರೆದೊಡನೆ ಬರುತ್ತದೆ. ಅನುಭವಸ್ಥನು ಹಡಗನ್ನು ನಿಜವಾಗಿ ಅನುಭವಿಸುವುದು ಅದು ನಿಂತಾಗಲೇ ಎಂಬುದು ಅವರ ಸಿದ್ಧಾಂತ. ಮಾಯಾ ಜನರ ಅವಶೇಷಗಳನ್ನು ನೋಡಿಕೊಂಡು ಬಿಸಿಲಿಗೆ ಕಪ್ಪಾಗಿ ಹಿಂದಿರುಗಿದ ನಮ್ಮನ್ನು ಅವರು ನೆರಳಿನಿಂದ ಕನಿಕರದ ದೃಷ್ಟಿಯಿಂದ ನೋಡಿದರು.

ಇಷ್ಟೆಲ್ಲವನ್ನು ನಾನು ಸಹಿಸಬಲ್ಲೆ. ಲಾಬ್‌ಸ್ಟರಿನ ಸಂಗತಿಯೊಂದನ್ನು ಮಾತ್ರ ಇಂದಿಗೂ ಮರೆಯಲಾರೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ನಮ್ಮ ಷಡ್ಡಕರು ಶುದ್ಧ ಸಸ್ಯಾಹಾರಿಗಳು. ಅರುವತ್ತು ವರ್ಷ ಪಶ್ಚಿಮದಲ್ಲಿ ಬಾಳಿಯೂ ಮೊಟ್ಟೆಯನ್ನು ಕೇಕಿನೊಳಗಿದ್ದರೆ ಮಾತ್ರ ಕ್ಷಮಿಸುವವರು. ಅತ್ತಿಗೆಯವರ ಕೈಚೀಲದಲ್ಲಿ ಚಟ್ನಿಪುಡಿಯ ಡಬ್ಬಿಯಿಲ್ಲದೆ ಅವರು ಯಾವ ಸಾಗರವನ್ನೂ ದಾಟಿದವರಲ್ಲ. ಆದರೂ ಅಟ್ಲಾಂಟಿಕ್ ದಾಟುವ ಹಡಗುಗಳಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಡೆಕ್ಕಿನ ಕುರ್ಚಿಗಳಲ್ಲಿ ಕಂಬಳಿ ಹೊದ್ದು ಒರಗಿದವರಿಗೆ ಬಟ್ಟಲುಗಳಲ್ಲಿ ಬಿಸಿಬಿಸಿ ದನದ ಮಾಂಸದ ಸಾರನ್ನು ಹಂಚುತ್ತಿದ್ದ ಸಂಪ್ರದಾಯ ಈಗ ಕ್ಷೀಣಿಸಿದೆಯೆಂದು ಅವರು ಶೋಕಿಸುವ ರೀತಿಯನ್ನು ಕೇಳಿದರೆ, ಆ ಸಾರಿನಲ್ಲಿಯೇ ಬೆಳೆದವರೆಂದು ಯಾರಾದರೂ ಭ್ರಮಿಸಬೇಕು. ಕ್ಯಾವಿಯಾರ್ ಎಂಬ ಮೀನಿನ ತತ್ತಿಯ ಗುಣ ಕುಸಿದಿರುವುದನ್ನೂ, ಕುರಿಮರಿಯ ಪಕ್ಕೆಲುಬು ಸಣ್ಣದಾಗಿರುವುದನ್ನೂ ಅವರು ಪಕ್ಕದವರ ತಟ್ಟೆಯನ್ನು ನೋಡಿಯೇ ನಿರ್ಣಯಿಸಬಲ್ಲರು. ನಾಲಗೆಯ ನೆರವಿಲ್ಲದೆ ಕೇವಲ ಕಣ್ಣಿನಿಂದ ಇಷ್ಟು ಪಾಂಡಿತ್ಯವನ್ನು ಸಂಪಾದಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅಂದು ವಿಧ್ಯುಕ್ತ ವೇಷದ ರಾತ್ರಿ. ಈ ರಾತ್ರಿಗಳಲ್ಲಿ ಮೊದಲು ಗಂಡಸರೆಲ್ಲ ಕಪ್ಪು ಸೂಟು, ಬೋ ಟೈ ಧರಿಸುತ್ತಿದ್ದರಂತೆ. ಈಗ ಅರ್ಧ ಚಡ್ಡಿಯೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಪ್ರವೇಶವಿದೆ. ಷಡ್ಡಕರು ತಮ್ಮ ಕಪ್ಪು ಸೂಟಿನಲ್ಲಿ, ನಾನು ಮಗನ ಮದುವೆಗೆ ಹೊಲಿಸಿದ ಬಂದ್‌ಗಲಾ ಕೋಟಿನಲ್ಲಿ, ಹೆಂಗಸರಿಬ್ಬರೂ ಮೈಸೂರು ರೇಷ್ಮೆಯಲ್ಲಿ, ಓಹಾಯೋ ಪ್ರಾಂತದ ವಯಸ್ಸಾದ ದಂಪತಿಗಳೊಡನೆ ಒಂದೇ ಮೇಜಿಗೆ ಕುಳಿತೆವು. ನಮಗೆ ಬಡಿಸುತ್ತಿದ್ದವನು ಮಂಗಳೂರಿನ ಕಡೆಯ ಹುಡುಗ. ಗೋವಾದ ತರುಣರಂತೆ ನಮ್ಮ ಕರಾವಳಿಯ ತರುಣರೂ ಈ ಹಡಗುಗಳಲ್ಲಿ ಬಹಳ ಮಂದಿ ದುಡಿಯುತ್ತಾರೆ, ಮೊದಲ ದಿನವೇ ನಮ್ಮ ಮಾತು ಕಿವಿಗೆ ಬಿದ್ದು, “ನೀವು ಕನ್ನಡವಾ ಸರ್!” ಎಂದು ಅವನು ಅರಳಿದ್ದನು. ಅಂದಿನ ವಿಶೇಷ ಭಕ್ಷ್ಯ ಲಾಬ್‌ಸ್ಟರಿನ ಬಾಲ. ಓಹಾಯೋದ ಯಜಮಾನರ ಮುಂದೆ ಅದನ್ನು ಇಟ್ಟೊಡನೆ, ಷಡ್ಡಕರು ಕನ್ನಡಕವನ್ನು ಸರಿಪಡಿಸಿಕೊಂಡು ಬಾಗಿ ನೋಡಿ, ಅದನ್ನು ತಿನ್ನಬೇಕಾದವನ ಸಂತೋಷವನ್ನು ಕಿಂಚಿತ್ತೂ ಲೆಕ್ಕಿಸದೆ, “ಇದೇನು ಲಾಬ್‌ಸ್ಟರ್! ಮೊದಲು ಇಷ್ಟಿರುತ್ತಿತ್ತು” ಎಂದು ಎರಡೂ ಅಂಗೈಗಳನ್ನು ಒಂದೂವರೆ ಗೇಣು ಅಂತರದಲ್ಲಿ ಹಿಡಿದು ತೋರಿಸಿದರು. ಯಜಮಾನರು ಸಭ್ಯರು, ತಮಗೆ ಇಷ್ಟೇ ಸಾಕೆಂದರು. ಷಡ್ಡಕರಿಗೆ ಸಾಲದು. ಮೊದಲು ಎರಡನೆಯದನ್ನು ಕೇಳಿದರೆ ಕೊಡುತ್ತಿದ್ದರು, ಮೂರನೆಯದನ್ನು ಕೇಳದೆಯೇ ತರುತ್ತಿದ್ದರು ಎಂಬ ಇತಿಹಾಸವನ್ನು ವಿವರಿಸಿ, ಹುಡುಗನನ್ನು ಕರೆದು, ಎರಡನೆಯದನ್ನು ತರಹೇಳಿದರು.

ಹುಡುಗನು ತಲೆ ಕೆರೆದುಕೊಂಡನು. “ಸರ್, ಸೆಕೆಂಡಿಗೆ ಈಗ ಚಾರ್ಜ್ ಉಂಟು. ಕಾರ್ಡಿಗೆ ಹಾಕ್ಲಿಕ್ಕೆ ಆಗ್ತದೆ.”

ದುಡ್ಡಿನ ಪ್ರಶ್ನೆಯಲ್ಲ, ತತ್ತ್ವದ ಪ್ರಶ್ನೆ ಎಂದರು ಷಡ್ಡಕರು. ಈ ಮಾತು ಹೊರಟಿತೆಂದರೆ ಊಟ ಆರಿತೆಂದೇ ಅರ್ಥವೆಂದು ಅನುಭವದಿಂದ ಬಲ್ಲ ಅತ್ತಿಗೆಯವರು ತಮ್ಮ ಸೂಪನ್ನು ಬೇಗ ಬೇಗ ಮುಗಿಸತೊಡಗಿದರು. ಹುಡುಗನು ತನ್ನ ಮೇಲಿನವನನ್ನು ಕರೆತಂದನು. ಮೇಲಿನವನು ಭೋಜನಶಾಲೆಯ ಅಧಿಪತಿಯನ್ನು ಕರೆತಂದನು. ಅಧಿಪತಿ ಯುರೋಪಿನವನು, ಬೆಳ್ಳಿಯ ಕೂದಲಿನವನು, ಮುಗುಳ್ನಗೆಯನ್ನೇ ವೃತ್ತಿಯಾಗಿ ಉಳ್ಳವನು. ಷಡ್ಡಕರು ತಮ್ಮ ವಜ್ರದ ಕಾರ್ಡನ್ನು ಮೇಜಿನ ಮೇಲಿರಿಸಿ, ತಾವು ಆ ಕಂಪನಿಯ ಹಡಗುಗಳಲ್ಲಿ ಕಳೆದ ರಾತ್ರಿಗಳನ್ನೂ, ಆ ರಾತ್ರಿಗಳಲ್ಲಿ ಕಂಡ ಲಾಬ್‌ಸ್ಟರುಗಳನ್ನೂ ಕಾಲಾನುಕ್ರಮವಾಗಿ ನಿರೂಪಿಸಿದರು. ಅಕ್ಕಪಕ್ಕದ ಮೇಜುಗಳ ಪುನರಾಗಮನಪ್ರಿಯರು ತಲೆದೂಗಿದರು. ಹಿಂದಿನ ಮೇಜಿನಿಂದ ಒಬ್ಬರು ಕಾಫಿಯ ವಿಷಯವನ್ನೂ ಇದರಲ್ಲಿ ಸೇರಿಸಬೇಕೆಂದು ಸೂಚಿಸಿದರು. ಕಾಲು ಗಂಟೆಯ ವಾಗ್ವಾದದ ಅನಂತರ ಅಧಿಪತಿ ಸೋತನು, ಅಥವಾ ಸೋತವನಂತೆ ತೋರಿದನು. ತಲೆಬಾಗಿ, ವಜ್ರದ ದರ್ಜೆಯ ಅತಿಥಿಗೆ ಕಂಪನಿಯ ಗೌರವದ ಕಾಣಿಕೆಯೆಂದು, ಎರಡನೆಯ ಲಾಬ್‌ಸ್ಟರನ್ನು ಸ್ವಹಸ್ತದಿಂದ ತಂದು, ಷಡ್ಡಕರ ಮುಂದೆಯೇ ಇರಿಸಿ, ಅದರ ಮುಚ್ಚಳವನ್ನು ತೆಗೆದನು.

ಹಬೆ ಎದ್ದಿತು. ಮೇಜು ನಿಶ್ಶಬ್ದವಾಯಿತು. ಓಹಾಯೋದ ಯಜಮಾನರು ಹೊಟ್ಟೆ ತುಂಬಿತೆಂದು ಕೈಮುಗಿದರು. ಅವರ ಮಡದಿಗೆ ಚಿಪ್ಪಿನ ಜೀವಿಗಳು ಮೈಗೆ ಒಗ್ಗುವುದಿಲ್ಲ. ನನ್ನ ಹೆಂಡತಿ ಸೀರೆಯ ಸೆರಗನ್ನು ಮೂಗಿಗೆ ಹಿಡಿದಳು. ಅತ್ತಿಗೆಯವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, “ಗೆದ್ದಿರಲ್ಲ, ಈಗ ತಿನ್ನಿ” ಎಂದರು. ಷಡ್ಡಕರು ನನ್ನ ಕಡೆಗೆ ನೋಡಿದರು. ನಾನು ಛಾವಣಿಯ ಕಡೆಗೆ ನೋಡಿದೆ. ನ್ಯಾಯವನ್ನು ಗೆದ್ದೂ ಗೆದ್ದ ಸ್ವತ್ತನ್ನು ಮುಟ್ಟಲಾರದ ಆ ಧರ್ಮಸಂಕಟದಲ್ಲಿ ಅವರು ಎಷ್ಟು ಹೊತ್ತು ಕುಳಿತಿರುತ್ತಿದ್ದರೋ, ಹುಡುಗನು ಬಂದು ಅಧಿಪತಿಗೆ ಕಾಣದಂತೆ ಆ ತಟ್ಟೆಯನ್ನು ಎತ್ತಿಕೊಂಡು, ಅದರ ಸ್ಥಳದಲ್ಲಿ ಅಡಿಗೆಯವರಿಂದ ಮಾಡಿಸಿ ತಂದ ಬಿಸಿ ಅನ್ನ, ಬೇಳೆಗಳನ್ನಿಟ್ಟನು. ಪ್ರಯಾಣಿಕರ ತಟ್ಟೆಯಲ್ಲಿ ಉಳಿದದ್ದನ್ನು ಅರೆದು ನುಣ್ಣಗೆ ಮಾಡಿ, ದಡದಿಂದ ಹನ್ನೆರಡು ನಾಟಿಕಲ್ ಮೈಲಿಗಳಾಚೆ ಕಡಲಿಗೆ ಬಿಡಬಹುದೆಂದು ಆ ಪ್ರದೇಶದ ನಿಯಮ. ಆದಕಾರಣ ಆ ರಾತ್ರಿ ಹಡಗಿನಲ್ಲಿದ್ದವರ ಪೈಕಿ ಸ್ವಸ್ಥಾನವನ್ನು ಮೊದಲು ಸೇರಿದ್ದು ಪ್ರಾಯಶಃ ಆ ಲಾಬ್‌ಸ್ಟರೇ.

ಮರುದಿನ ಬೆಳಗ್ಗೆ ಹುಡುಗನೊಡನೆ ಮಾತನಾಡಿದೆ. ಹಿರಿಯರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡವೆಂದು ನಾನು ಹೇಳಹೊರಟರೆ, ಅವನೇ ನನ್ನನ್ನು ಸಮಾಧಾನಪಡಿಸಿದನು. “ಅವರು ಹೇಳುವುದು ಸುಳ್ಳೇನಲ್ಲ ಸರ್. ನಾನು ಸೇರುವಾಗ ನನಗೆ ಕೊಟ್ಟದ್ದಕ್ಕಿಂತ ಈಗ ಮೇಜುಗಳು ಜಾಸ್ತಿ. ಕೈಗಳು ಎರಡೇ ಅಲ್ವಾ? ಮತ್ತೆ, ಅವರು ಬೈದರೂ ಹೆಸರು ಹಿಡಿದು ಕರೀತಾರೆ. ಕೆಲವರು ನೋಡುವುದೂ ಇಲ್ಲ ಮಾರಾಯ್ರೇ.” ತಿಂಗಳುಗಟ್ಟಲೆ ಒಂದು ದಿನದ ಪೂರ್ಣ ರಜೆಯಿಲ್ಲದೆ ದುಡಿದು, ಕರಾರು ಮುಗಿದಾಗ ಊರಿಗೆ ಹೋಗಿ, ಕಟ್ಟಿಸುತ್ತಿರುವ ಮನೆಯ ಮತ್ತೊಂದು ಕೋಣೆಗೆ ತಾರಸಿ ಹಾಕಿಸಿ ಬರುವ ಬದುಕು ಅವನದು. ಸೇವೆಯ ಮಟ್ಟ ಕುಸಿಯಿತೆಂದು ಮೇಜಿನ ಈಚೆ ಕುಳಿತವರು ಹೇಳುವ ಸಂಗತಿ, ಮೇಜಿನ ಆಚೆ ನಿಂತವನ ಕಾಲುಗಳಿಗೆ ಬೇರೆಯೇ ರೀತಿಯಲ್ಲಿ ತಿಳಿದಿರುತ್ತದೆ. ಭಕ್ಷೀಸಿನ ವಿಷಯವೂ ಹೀಗೆಯೇ: ಮೊದಲು ಕೊನೆಯ ರಾತ್ರಿ ಲಕೋಟೆಗಳಲ್ಲಿಟ್ಟು ಕೈಗೆ ಕೊಡುತ್ತಿದ್ದರು, ಈಗ ತಲೆಗೆ ದಿನಕ್ಕಿಷ್ಟೆಂದು ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಷಡ್ಡಕರು ಇದನ್ನು ಲೂಟಿಯೆಂದು ಕರೆದು, ಲೂಟಿಗೆ ಒಳಗಾದ ಮೇಲೂ, ಕೊನೆಯ ರಾತ್ರಿ ಎಲ್ಲರೂ ಎದ್ದುಹೋದ ತರುವಾಯ ಹಿಂದೆ ಉಳಿದು, ಹುಡುಗನ ಕೈಗೊಂದು ಲಕೋಟೆಯನ್ನು ತುರುಕಿದ್ದನ್ನು ಕಂಬದ ಮರೆಯಿಂದ ನಾನು ನೋಡಿದ್ದೇನೆ. ಲಕೋಟೆ ದಪ್ಪಗಿತ್ತು, ಕರವಸ್ತ್ರಗಳ ವಿಷಯದಲ್ಲಿ ಅವರು ಬಯಸುವ ದಪ್ಪ.

ಅವರೊಡನೆ ವಾದಿಸಲು ನಾನು ಪ್ರಯತ್ನಿಸದೆ ಇರಲಿಲ್ಲ. ಆರ್ಥಿಕ ಕಾರಣಗಳನ್ನು ಮುಂದಿಟ್ಟು ನೋಡಿದೆ. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕನ್ನು ದಾಟತೊಡಗಿದ ಮೇಲೆ ಊರು ಸೇರುವುದಕ್ಕೆ ಹಡಗು ಬೇಕಾಗಿಲ್ಲವಾಯಿತು. ಊರು ಸೇರದೆ ಸುಮ್ಮನೆ ಸುತ್ತಿಬರುವ ಹಡಗುಗಳು 1966ರಿಂದ ಮಯಾಮಿಯಲ್ಲಿ ಬೇರೂರಿದುವು. 1977ರಿಂದ ಅಮೆರಿಕದ ಟೆಲಿವಿಷನ್ನಿನಲ್ಲಿ ‘ದಿ ಲವ್ ಬೋಟ್’ ಎಂಬ ಧಾರಾವಾಹಿ ಬಂದು, ಶ್ರೀಮಂತರ ವಿಹಾರವೆಂದಿದ್ದುದನ್ನು ಗುಮಾಸ್ತರ ಕನಸನ್ನಾಗಿ ಮಾಡಿತು. ಜನ ಹೆಚ್ಚಿದಂತೆ ಹಡಗು ಬೆಳೆಯಿತು, ಹಡಗು ಬೆಳೆದಂತೆ ಟಿಕೆಟು ಅಗ್ಗವಾಯಿತು, ಟಿಕೆಟು ಅಗ್ಗವಾದಂತೆ ಎರಡನೆಯ ಲಾಬ್‌ಸ್ಟರಿಗೆ ಬೆಲೆ ಕಟ್ಟಬೇಕಾಯಿತು. ಟೈಟಾನಿಕ್ಕಿನ ಟನ್ನೇಜು 46 ಸಾವಿರ. 1969ರಲ್ಲಿ ಮೊದಲ ಯಾನ ಮಾಡಿದ ಕ್ವೀನ್ ಎಲಿಜಬೆತ್ 2ರದು ಸುಮಾರು 70 ಸಾವಿರ. 2024ರಲ್ಲಿ ಮಯಾಮಿಯಿಂದ ಹೊರಟ ಐಕಾನ್ ಆಫ್ ದಿ ಸೀಸ್ ಸುಮಾರು ಎರಡೂವರೆ ಲಕ್ಷ ಟನ್ನೇಜಿನದು, ತುಂಬಿದಾಗ ಏಳು ಸಾವಿರದ ಐನೂರಕ್ಕೂ ಮೀರಿ ಪ್ರಯಾಣಿಕರನ್ನು ಹಿಡಿಸುತ್ತದೆ. ಅಷ್ಟು ಜನರಿಗೆ ಬೆಣ್ಣೆಯಲ್ಲಿ ಅಪ್ಸರೆಯರನ್ನು ಯಾರು ಕೆತ್ತುತ್ತ ಕುಳಿತಾರು? ಮೊದಲಿನ ಮಟ್ಟವೇ ಉಳಿದಿದ್ದರೆ, ಮೈಸೂರಿನ ಪಿಂಚಣಿದಾರನಾದ ನಾನು ಈ ಕುರ್ಚಿಯಲ್ಲಿ ಕುಳಿತಿರುವುದು ಹೇಗೆ ಸಾಧ್ಯವಾಗುತ್ತಿತ್ತು?

ಷಡ್ಡಕರು ಎಲ್ಲವನ್ನೂ ಕೇಳಿ, “ನೀನು ಕುಳಿತಿರುವುದನ್ನೇ ನಾನು ಹೇಳುತ್ತಿರುವುದು” ಎಂದರು.

ಇದಾದ ಮೇಲೆ ನಾನು ಮುನಿಸಿಕೊಂಡಿರಬೇಕಾಗಿತ್ತು. ಆದರೆ ಕಡಲಿನ ಮೇಲೆ ಮುನಿಸು ಬಾಳುವುದಿಲ್ಲ. ಎಲ್ಲಿಗೆ ಹೋದರೂ ಅದೇ ಮನುಷ್ಯ ಎದುರಾಗುತ್ತಾನೆ. ಅದೇ ದಿನ ರಾತ್ರಿ ಹೆಂಗಸರು ಮಲಗಿದ ಮೇಲೆ ನಾವಿಬ್ಬರೂ ಮೇಲಿನ ಡೆಕ್ಕಿನಲ್ಲಿ ಕುಳಿತೆವು. ಸುಮ್ಮನಿರಲಾರದೆ ನಾನೇ ಕೆಣಕಿದೆ: “ಭಾವ, ಮೊದಲು ಮೊದಲು ಎನ್ನುತ್ತೀರಲ್ಲ, ಆ ಮೊದಲು ಯಾವಾಗ?”

ಅವರು ಬೊಂಬಾಯಿಯಿಂದ ಹೊರಟದ್ದು ಸುಯೆಜ್ ಕಾಲುವೆ 1967ರಲ್ಲಿ ಮುಚ್ಚುವುದಕ್ಕೆ ಒಂದೆರಡು ವರ್ಷ ಮುಂಚೆ. ಓದಿಗೆಂದೋ ಕೆಲಸಕ್ಕೆಂದೋ ಇಂಗ್ಲೆಂಡಿಗೆ ಹೋಗುವ ನಮ್ಮ ಹುಡುಗರಲ್ಲಿ ಹಲವರು ಆಗ ಬ್ಯಾಲಾರ್ಡ್ ಪಿಯರಿನಲ್ಲಿ ಹಡಗು ಹತ್ತಿ, ಇಟಲಿಯಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಲಂಡನ್ನು ಸೇರುತ್ತಿದ್ದರು. ಸರ್ಕಾರ ಕೊಂಡೊಯ್ಯಗೊಟ್ಟ ವಿದೇಶೀ ಹಣ ಮೂರು ಪೌಂಡು. ತಾಯಿ ಕಟ್ಟಿಕೊಟ್ಟದ್ದು ಅವಲಕ್ಕಿ, ಚಟ್ನಿಪುಡಿ. ಇಟಲಿಯ ಕಂಪನಿಯೊಂದರ ಆ ಹಡಗಿನಲ್ಲಿ ಎರಡು ವರ್ಗ. ಇವರದು ಕೆಳಗಿನದು: ನೀರಿನ ಮಟ್ಟದಲ್ಲೆಲ್ಲೋ ಹಲವರು ಒಟ್ಟಿಗೆ ಮಲಗುವ ಕ್ಯಾಬಿನ್ನು, ಎಂಜಿನ್ನಿನ ಸದ್ದು, ಎಣ್ಣೆಯ ವಾಸನೆ, ಮೂರು ಹೊತ್ತೂ ಬ್ರೆಡ್ಡು ಮತ್ತು ಬೇಯಿಸಿದ ಆಲೂಗಡ್ಡೆ. ಡೆಕ್ಕಿನ ನಡುವೆ ಒಂದು ಗೇಟು. ಗೇಟಿನ ಪಕ್ಕದ ಗಾಜಿನ ಬಾಗಿಲಿನಿಂದ ಮೇಲಿನ ವರ್ಗದ ಭೋಜನಶಾಲೆ ಕಾಣುತ್ತಿತ್ತು. ಸಂಜೆಯಾದರೆ ಇವರು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರಂತೆ. ದಪ್ಪನಾದ ಬಿಳಿಯ ಕರವಸ್ತ್ರಗಳು, ತಂತೀವಾದ್ಯ ನುಡಿಸುವವರು, ಕೈಗವಸು ತೊಟ್ಟ ಪರಿಚಾರಕರು, ಮಂಜುಗಡ್ಡೆಯ ಹಂಸ. ಅಡೆನ್ ದಾಟಿದ ಮೇಲೆ ಒಂದು ರಾತ್ರಿ ಯಾವುದೋ ವಿಶೇಷ ಔತಣ ನಡೆಯಿತಂತೆ. “ಬೆಳ್ಳಿಯ ಮುಚ್ಚಳ ತೆಗೆದಾಗ ನೋಡಬೇಕಾಗಿತ್ತಯ್ಯಾ. ಲಾಬ್‌ಸ್ಟರು ಇಷ್ಟಿತ್ತು” ಎಂದು ಅವರು ಕತ್ತಲಲ್ಲಿಯೇ ಎರಡೂ ಅಂಗೈಗಳನ್ನು ಹಿಡಿದು ತೋರಿಸಿದರು. ಅಂತರ ಅದೇ, ಒಂದೂವರೆ ಗೇಣು. “ಅದು ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗೋವಾದವನು ಹೇಳಿದ.”

ನಾನು ಏನೂ ಹೇಳಲಿಲ್ಲ. ಮುಂದೆ ಸಂಪಾದನೆ ಬಂತು, ಬಿಡುವು ಬಂತು, ಗಾಜಿನ ಆಚೆ ಕುಳಿತುಕೊಳ್ಳುವ ಯೋಗ್ಯತೆಯೂ ಬಂತು. ಆದರೆ ಇಪ್ಪತ್ತೆರಡರ ಹರೆಯದಲ್ಲಿ, ಹಸಿದು, ಹೊರಗೆ ನಿಂತು ಕಂಡ ಆ ಭೋಜನಶಾಲೆಯನ್ನು ಯಾವ ಕಂಪನಿ ತಾನೆ ಬಡಿಸೀತು? ಆ ಹಸಿದ ಕಣ್ಣಿಗೆ ಕಂಡಷ್ಟು ದೊಡ್ಡ ಲಾಬ್‌ಸ್ಟರು ಯಾವ ಕಡಲಿನಲ್ಲಿಯೂ ಇರಲಿಕ್ಕಿಲ್ಲ. ಬಯಸಿದ್ದು ಕೈಗೆ ಬರುವ ಹೊತ್ತಿಗೆ ಸಣ್ಣದಾಗಿರುವುದು ಹಡಗಿನಲ್ಲಿ ಮಾತ್ರವಲ್ಲ, ಮನುಷ್ಯನ ಜೀವಮಾನದಲ್ಲಿಯೇ... ಎಂದು ಬರೆಯಹೊರಟವನು, ಷಡ್ಡಕರು ಇದನ್ನು ಓದಿದರೆ “ನಿನ್ನ ಪ್ರಬಂಧಗಳೂ ಮೊದಲು ಹೀಗಿರಲಿಲ್ಲ” ಎಂದಾರೆಂಬ ಭಯದಿಂದ ನಿಲ್ಲಿಸುತ್ತೇನೆ.

ಆ ಗೇಟು ಮಾತ್ರ ಈಗ ಹಿಂದಿರುಗಿ ಬಂದಿದೆ. ಹೊಸ ಮಹಾನೌಕೆಗಳಲ್ಲಿ ಕೆಲವು, ಹಡಗಿನೊಳಗೆ ಇನ್ನೊಂದು ಹಡಗೆಂಬಂತೆ, ಹೆಚ್ಚಿನ ಹಣ ತೆತ್ತವರಿಗಾಗಿ ಒಂದು ಆವರಣವನ್ನು ಪ್ರತ್ಯೇಕಿಸಿವೆ. ಅಲ್ಲಿಯದೇ ಭೋಜನಶಾಲೆ, ಅಲ್ಲಿಯದೇ ಈಜುಕೊಳ, ಬಾಗಿಲಿಗೆ ಕಾರ್ಡು ತೋರಿಸಿದರೆ ಮಾತ್ರ ಪ್ರವೇಶ. ಮಟ್ಟ ಎಲ್ಲಿಗೂ ಕುಸಿದುಹೋಗಿಲ್ಲ. ಬೀಗ ಹಾಕಿಕೊಂಡು ಒಳಗೆ ಕುಳಿತಿದೆ. ಅದನ್ನು ಕೊಳ್ಳುವ ಶಕ್ತಿ ಷಡ್ಡಕರಿಗಿದೆ, ಒಮ್ಮೆ ಕೊಂಡದ್ದೂ ಉಂಟು. ಹೇಗಿತ್ತೆಂದು ಕೇಳಿದ್ದಕ್ಕೆ, ಅವರು ಬಹಳ ಹೊತ್ತು ಯೋಚಿಸಿ, ಎಲ್ಲವೂ ಸರಿಯಾಗಿಯೇ ಇತ್ತೆಂದು ಅತೃಪ್ತಿಯಿಂದ ಒಪ್ಪಿಕೊಂಡರು. ಕರವಸ್ತ್ರ ದಪ್ಪಗಿತ್ತು, ಚಾಕಲೇಟು ದಿಂಬಿನ ಮೇಲಿತ್ತು, ಕೇಳಿದೊಡನೆ ಅನ್ನ, ಸಾರು ಮಾಡಿಕೊಟ್ಟರು. ಎರಡನೆಯ ದಿನ ಸಂಜೆಗೇ ಬೇಸರ ಹತ್ತಿ, ಕಾರ್ಡು ತೋರಿಸಿ ಹೊರಕ್ಕೆ ಬಂದು, ಸಾಮಾನ್ಯರ ಬಫೆಯ ಸರದಿಯಲ್ಲಿ ನಿಂತು, ಕಾಗದದ ಕರವಸ್ತ್ರವನ್ನು ಕಂಡಮೇಲೆಯೇ ಅವರ ಮುಖ ಗೆಲುವಾಯಿತೆಂದು ಅತ್ತಿಗೆಯವರು ಹೇಳುತ್ತಾರೆ.

ಆ ಯಾನದ ಕೊನೆಯ ದಿನ ಅವರು ಅಭಿಪ್ರಾಯಪತ್ರದ ಪ್ರತಿಯೊಂದು ಪ್ರಶ್ನೆಗೂ ಕನಿಷ್ಠ ಅಂಕ ಕೊಟ್ಟು, ಮಂಗಳೂರಿನ ಹುಡುಗನ ಹೆಸರಿನ ಮುಂದೆ ಮಾತ್ರ ಗರಿಷ್ಠ ಅಂಕ ಕೊಟ್ಟು, ಅದರ ಕೆಳಗೆ ಸ್ಥಳ ಸಾಲದೆ ಅಂಚಿನಲ್ಲೆಲ್ಲ ಬರೆದರು. ಹಾಗೆಯೇ ಎರಡು ಅಂತಸ್ತು ಕೆಳಗಿಳಿದು, ಮುಂದಿನ ಯಾನಕ್ಕೆ ಸ್ಥಳ ಕಾದಿರಿಸುವ ಮೇಜಿನ ಮುಂದೆ ಸರದಿಯಲ್ಲಿ ನಿಂತರು. ಅಲ್ಲಿದ್ದವರೆಲ್ಲ ಪುನರಾಗಮನಪ್ರಿಯರೇ, ಕಂಪನಿ ಹಾಳಾಗಿಹೋಯಿತೆಂದು ಪರಸ್ಪರ ಸಂತಾಪ ಸೂಚಿಸುತ್ತ, ರಿಯಾಯಿತಿಯ ದರವನ್ನು ವಿಚಾರಿಸುತ್ತಿದ್ದರು.

ಅದಾದ ಮೇಲೆ ಅವರೊಡನೆ ಮತ್ತೊಮ್ಮೆ ಹೋಗಿಬಂದೆವು. ಆ ಸಲ ಮೊದಲ ರಾತ್ರಿಯೇ ಮೇಜಿಗೆ ಬಂದ ಬ್ರೆಡ್ಡನ್ನು ಮುರಿದು ನೋಡಿ ನಾನು ಏನೋ ಅಂದೆನೆಂದೂ, ಓಹಾಯೋದವರ ಸ್ಥಳದಲ್ಲಿ ಕುಳಿತಿದ್ದ ಹೊಸಬರು ಗಾಬರಿಯಿಂದ ನನ್ನನ್ನು ನೋಡಿದರೆಂದೂ ನನ್ನ ಹೆಂಡತಿ ಹೇಳುತ್ತಾಳೆ. ನನಗೆ ನೆನಪಿಲ್ಲ. ಬ್ರೆಡ್ಡಂತೂ ಮೊದಲಿನ ಹಾಗಿರಲಿಲ್ಲ.

ಮೊನ್ನೆ ಮೈಸೂರಿನಲ್ಲಿ ನಾನು ಕಾಫಿಯ ಲೋಟ ಹಿಡಿದಿರುವಾಗ ಫ್ಲಾರಿಡಾದಿಂದ ಫೋನು ಬಂದಿತು. ಹೊಸ ಹಡಗಂತೆ, ಇಪ್ಪತ್ತು ಅಂತಸ್ತಂತೆ. ಊಟ ಕೆಟ್ಟದ್ದೆಂದು ಹೋಗಿಬಂದವರೆಲ್ಲ ಹೇಳುತ್ತಿರುವರಂತೆ, ಡೆಕ್ಕಿನಲ್ಲಿ ಕುರ್ಚಿಗೆ ಜಗಳವಂತೆ, ಕ್ಯಾಬಿನ್ನಿನವನು ದಿನಕ್ಕೊಂದು ಸಲ ಮಾತ್ರ ಮುಖ ತೋರಿಸುವನಂತೆ. ಇಷ್ಟು ಉಲ್ಲಾಸದ ಧ್ವನಿಯಲ್ಲಿ ಅವರು ಮಾತನಾಡಿದ್ದನ್ನು ನಾನು ಬಹುಕಾಲದಿಂದ ಕೇಳಿರಲಿಲ್ಲ. “ನಮ್ಮ ನಾಲ್ವರಿಗೂ ಸೇರಿಸಿಯೇ ಕಾದಿರಿಸಿದ್ದೇನೆ. ಒಂದು ಚಟ್ನಿಪುಡಿ ಹೆಚ್ಚಾಗಿ ತಾರಯ್ಯಾ, ಆ ಹುಡುಗ ಈ ಹಡಗಿಗೆ ವರ್ಗವಾಗಿದ್ದಾನಂತೆ” ಎಂದರು.